ಮಾದರಿ ಕೆಡುವುದು ಲ್ಯಾಬಿನಲ್ಲಲ್ಲ, ಕೊಟ್ಟಿಗೆಯಲ್ಲಿ

ಮಾನ್ಯ ಸಂಪಾದಕರೆ,

ದನವೋ ಕುರಿಯೋ ಇದ್ದಕ್ಕಿದ್ದಂತೆ ಸತ್ತ ಸುದ್ದಿಯ ಕೊನೆಗೆ ‘ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ, ವರದಿ ಬಂದ ಬಳಿಕ ನಿಖರ ಕಾರಣ ತಿಳಿಯಲಿದೆ’ ಎಂಬ ಸಾಲು ಇದ್ದೇ ಇರುತ್ತದೆ. ವರದಿ ಏನು ಬಂತು ಎಂಬ ಸುದ್ದಿ ಮಾತ್ರ ಅಪರೂಪ. ಬಂದರೂ ಎಷ್ಟೋ ಸಲ ಅದರಲ್ಲಿರುವುದು ‘ಅಂಗಾಂಶ ಕೊಳೆತಿದೆ, ಪರೀಕ್ಷೆಗೆ ಯೋಗ್ಯವಲ್ಲ’ ಎಂಬ ಒಂದೇ ವಾಕ್ಯ. ಬೈಸಿಕೊಳ್ಳುವುದು ಲ್ಯಾಬು. ತಪ್ಪು ನಡೆದಿರುವುದು ಬಹುಪಾಲು ಅದಕ್ಕೂ ಮೊದಲೇ, ಸಕಲೇಶಪುರದ ಕಡೆಯ ಯಾವುದೋ ಕೊಟ್ಟಿಗೆಯಲ್ಲಿ, ಇಲ್ಲವೇ ಕಡೂರು ಬಯಲಿನ ಯಾವುದೋ ಕುರಿಹಟ್ಟಿಯಲ್ಲಿ.

ಉಸಿರು ನಿಂತರೂ ಜೀವಕೋಶದೊಳಗಿನ ಕಿಣ್ವಗಳ ಕೆಲಸ ನಿಲ್ಲುವುದಿಲ್ಲ. ತಾವಿದ್ದ ಕೋಶವನ್ನೇ ಅವು ಕರಗಿಸತೊಡಗುತ್ತವೆ. ಕರುಳಿನ ಒಳಪದರ ಮತ್ತು ಮೇದೋಜೀರಕ ಗ್ರಂಥಿ ಎಲ್ಲಕ್ಕಿಂತ ಮೊದಲು ಹಾಳಾಗುತ್ತವೆ. ದನದಲ್ಲಿ ಇನ್ನೂ ಒಂದು ತೊಡಕು. ಸತ್ತ ಮೇಲೂ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುತ್ತಲೇ ಇರುವುದರಿಂದ ಮೈ ಬೇಗ ತಣ್ಣಗಾಗದು. ಕುರಿಗೆ ಅದರ ತುಪ್ಪಟವೇ ಕಂಬಳಿ. ಬೋಟಿ ತೊಳೆದು ಗೊತ್ತಿರುವವರಿಗೆ ಬಿಸಿನೀರಿನಲ್ಲಿ ಅದ್ದಿ ಕೆರೆದರೆ ಕಪ್ಪು ಸಿಪ್ಪೆ ಸುಲಿದು ಬರುವುದು ಗೊತ್ತು. ಆ ಸಿಪ್ಪೆಯೇ ರೂಮೆನ್ನಿನ, ಅಂದರೆ ದೊಡ್ಡ ಹೊಟ್ಟೆಯ, ಒಳಮೈಯ ಪದರ, ನಮ್ಮ ಚರ್ಮದಂತೆ ಒಂದರ ಮೇಲೊಂದು ಕೋಶ ಜೋಡಿಸಿ ಕೆರಾಟಿನ್ ಹೊದ್ದದ್ದು. ಸತ್ತು ಕೆಲವು ಗಂಟೆ ಕಳೆದರೆ ಅದು ಬಿಸಿನೀರಿಲ್ಲದೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಹೊಸಬರು ಅದನ್ನು ನೋಡಿ ‘ಹೊಟ್ಟೆಯಲ್ಲಿ ಉರಿಯೂತ’ ಎಂದು ಬರೆದುಬಿಡುತ್ತಾರೆ.

ಕತ್ತಿ ಹಿಡಿಯುವ ಮೊದಲು ಒಂದು ಮಾತು. ಚೆನ್ನಾಗಿದ್ದ ರಾಸು ದಿಢೀರನೆ ಬಿದ್ದು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಹೊಟ್ಟೆ ಸೀಳಲೇಬಾರದು. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಗಾಳಿ ಸೋಕಿದರೆ ರೋಗಾಣು ಬೀಜಕಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಲ್ಲಿ ಪಶುವೈದ್ಯರು ಕಿವಿಯ ರಕ್ತನಾಳದಿಂದ ಒಂದು ತೊಟ್ಟು ತೆಗೆದು ಸ್ಲೈಡಿಗೆ ಸವರಿಕೊಂಡರೆ ಸಾಕು. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ತಲೆಬುರುಡೆ ಒಡೆಯುವುದು ಲಸಿಕೆ ಪಡೆದ, ತರಬೇತಾದ ಕೈಗಳ ಕೆಲಸ. ಆ ಮಿದುಳಿನ ಒಂದು ಪಾಲು ಹಸಿಯಾಗಿಯೇ ಐಸಿನ ಮೇಲೆ ಹೋಗಬೇಕು, ಏಕೆಂದರೆ ಮುಖ್ಯ ಪರೀಕ್ಷೆಗೆ ಬೇಕಾದದ್ದು ಹಸಿ ಮಿದುಳು. ಇನ್ನೊಂದು ಪಾಲು ಮಾತ್ರ ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ.

ಉಳಿದ ಸಾವುಗಳಲ್ಲಿ ಬೇಕಾದದ್ದು ಹರಿತವಾದ ಚಾಕು ಮತ್ತು ಸರಿಯಾದ ದ್ರಾವಣ. ಅಂಗಡಿಯ ಫಾರ್ಮಲಿನ್ 100 ಎಂ.ಎಲ್., ಡಿಸ್ಟಿಲ್ಡ್ ನೀರು 900 ಎಂ.ಎಲ್., ಮಾನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಬೇಸಿಕ್ ಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಇದೇ ಶೇ 10ರ ಬಫರ್ಡ್ ಫಾರ್ಮಲಿನ್. ಎರಡು ಉಪ್ಪುಗಳನ್ನು ಬಿಟ್ಟು ಬರೀ ನೀರು ಬೆರೆಸುವ ರೂಢಿ ಬಹಳ ಕಡೆ ಇದೆ. ಇಟ್ಟಷ್ಟೂ ಅದರಲ್ಲಿ ಫಾರ್ಮಿಕ್ ಆಮ್ಲ ಕೂಡುತ್ತದೆ, ಆಮ್ಲ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಕಂದುಗಪ್ಪು ಕಣಗಳಾಗಿ ಅಂಗಾಂಶದ ತುಂಬ ಚೆಲ್ಲಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದನ್ನು ರೋಗದ ಕುರುಹು ಎಂದುಕೊಂಡು ಮೋಸಹೋಗುವುದು ಸುಲಭ. ಮಲೆನಾಡಿನ ಚಳಿಯಲ್ಲಿ ಫಾರ್ಮಲಿನ್ ಬಾಟಲಿಯ ತಳಕ್ಕೆ ಬಿಳಿ ಗಸಿ ಕೂರುವುದೂ ಉಂಟು. ಗಸಿಯಾದಷ್ಟೂ ಮೇಲಿನ ದ್ರವದ ಸತ್ವ ಕಡಿಮೆ.

ಚೂರಿನ ದಪ್ಪ 5 ಮಿ.ಮೀ. ದಾಟಬಾರದು, ನಮ್ಮ ಕಿರುಬೆರಳಿನ ಅರ್ಧ ದಪ್ಪ ಎಂದಿಟ್ಟುಕೊಳ್ಳಿ. ಫಾರ್ಮಲಿನ್ ಒಳಗಿಳಿಯುವುದು ಮೊದಮೊದಲು ಗಂಟೆಗೆ ಹೆಚ್ಚೆಂದರೆ 1 ಮಿ.ಮೀ., ಆಮೇಲೆ ಇನ್ನೂ ನಿಧಾನ. ಮುಷ್ಟಿಗಾತ್ರದ ಈಲಿಯನ್ನು (ಯಕೃತ್ತು) ಹಾಗೇ ಮುಳುಗಿಸಿದರೆ ಹೊರಗೆ ಗಟ್ಟಿ, ನಡುವೆ ಕೊಳೆ. ಅಂಗಾಂಶದ ಗಾತ್ರಕ್ಕೆ ದ್ರಾವಣ ಕನಿಷ್ಠ ಹತ್ತು ಪಟ್ಟು, ಇಪ್ಪತ್ತು ಪಟ್ಟಾದರೆ ಒಳ್ಳೆಯದು. ಒಂದೂವರೆ ಸೆಂ.ಮೀ. ಚೌಕದ ಐದು ಚೂರಿಗೆ ಸುಮಾರು 110 ಎಂ.ಎಲ್. ಕೆಟ್ಟ ಭಾಗ ಮತ್ತು ಅದರ ಪಕ್ಕದ ಚೆನ್ನಾಗಿರುವ ಭಾಗ ಎರಡೂ ಒಂದೇ ಚೂರಿನಲ್ಲಿರಲಿ. ಗಡಿಯಲ್ಲೇ ರೋಗದ ನಡೆ ಕಾಣುವುದು. ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕೋಶಗಳು ನೀರು ಕುಡಿದು ಊದಿಕೊಳ್ಳುತ್ತವೆ. ತೊಳೆಯಲೇಬೇಕಿದ್ದರೆ ಶೇ 0.9ರ ಸಲೈನ್ ಇದೆ. ಕರುಳಿನ ಒಳಮೈಯನ್ನು ಬೆರಳಿನಿಂದ ಉಜ್ಜಿದರೆ ನೋಡಬೇಕಾದದ್ದೇ ಹೋಯಿತು. ಶ್ವಾಸಕೋಶ ತೇಲುತ್ತದೆ, ಮೇಲೊಂದು ಹತ್ತಿಯ ಪದರ ಹಾಕಿ. ಫ್ರೀಜರಿಗಂತೂ ಇಡಲೇಬಾರದು. ಐಸಿನ ಹರಳುಗಳು ಕೋಶವನ್ನು ಸೀಳಿದ ಮೇಲೆ ಯಾವ ಲ್ಯಾಬೂ ಏನೂ ಮಾಡಲಾರದು.

ಬಾಟಲಿಯ ವಿಷಯ ಸಣ್ಣದೆಂದು ತೋರಬಹುದು. ಹಸಿ ಚೂರು ನೀರಿನ ಬಾಟಲಿಯ ಕಿರುಬಾಯಲ್ಲಿ ನುಸುಳಿ ಒಳಹೋಗುತ್ತದೆ, ಎರಡು ದಿನದಲ್ಲಿ ರಬ್ಬರಿನಂತೆ ಗಟ್ಟಿಯಾಗಿ ಹೊರಬರಲೊಲ್ಲದು. ಫಾರ್ಮಲಿನ್ ನೋಡಲು ಥೇಟ್ ನೀರೇ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿ ಬಸ್ಸಿನಲ್ಲಿ ಕಳಿಸುವ ಅಭ್ಯಾಸ ಇಂದೇ ನಿಲ್ಲಬೇಕು. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಗಲಬಾಯಿಯ ಪ್ಲಾಸ್ಟಿಕ್ ಜಾರು, ಕೈಗವಸು, ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ. ಪೆನ್ನಿನ ಶಾಯಿ ಮುಂದೆ ಲ್ಯಾಬಿನ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ, ಅದು ಯಾರ ಮನೆಯ ಹಸು ಎಂಬುದೂ ಜೊತೆಗೆ.

ಇಷ್ಟೆಲ್ಲ ಏಕೆಂದರೆ, ಬರಿಗಣ್ಣಿಗೆ ಒಂದೇ ತರ ಕಾಣುವುದನ್ನು ಬೇರೆಬೇರೆ ಎಂದು ತೋರಿಸಬಲ್ಲದ್ದು ಅಂಗಾಂಶವೇ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಬೇಲಿಗಳಲ್ಲಿ ಲಂಟಾನ ಧಾರಾಳ, ಮಿಶ್ರತಳಿ ಹಸುಗಳ ಮೈಮೇಲೆ ಉಣುಗಿಗೂ ಬರವಿಲ್ಲ. ಲಂಟಾನ ತಿಂದ ಹಸುವೂ ಹಳದಿಯಾಗುತ್ತದೆ, ಉಣುಗಿನಿಂದ ಥೈಲೇರಿಯಾ ಎಂಬ ರಕ್ತದ ಪರಾವಲಂಬಿ ತಗುಲಿದ ಹಸುವೂ ಹಳದಿಯಾಗಬಹುದು. ಸ್ಲೈಡಿನಲ್ಲಿ ಲಂಟಾನದ ಈಲಿ ಎಂದರೆ ಊದಿದ ಕೋಶಗಳು, ಅವುಗಳ ನಡುವಿನ ಕಿರುನಾಳಗಳಲ್ಲಿ ಹರಿಯದೆ ಗಟ್ಟಿಯಾಗಿ ನಿಂತ ಹಸಿರುಗಂದು ಪಿತ್ತ. ಥೈಲೇರಿಯಾದಲ್ಲಿ ನಾಳಗಳ ಸುತ್ತ ಲಿಂಫೋಸೈಟ್ ಜಾತಿಯ ಬಿಳಿ ರಕ್ತಕಣಗಳ ಜಾತ್ರೆ. ಗದ್ದೆಬಯಲಿನ ಈಲಿಹುಳುವಾದರೆ ಪಿತ್ತನಾಳದ ಗೋಡೆಯೇ ನಾರುಗಟ್ಟಿ ದಪ್ಪ. ಮೂರಕ್ಕೂ ಮದ್ದು ಬೇರೆ, ಉಳಿದ ದನಗಳನ್ನು ಕಾಯುವ ದಾರಿಯೂ ಬೇರೆ.

ಲ್ಯಾಬಿನವರ ಪಾಲಿಗೂ ತಪ್ಪುಗಳಿವೆ, ಮಳೆಗಾಲದಲ್ಲಿ ಹೆಚ್ಚು. ಚೂರನ್ನು ತೆಳುವಾಗಿ ಕೊಯ್ಯಬೇಕಾದರೆ ಶೇ 70, 80, 95, ಕೊನೆಗೆ ನೀರೇ ಇಲ್ಲದ ಅಬ್ಸೊಲ್ಯೂಟ್ ಆಲ್ಕೋಹಾಲ್ ಎಂದು ಹಂತಹಂತವಾಗಿ ನೀರು ತೆಗೆದು, ಆ ಆಲ್ಕೋಹಾಲನ್ನು ಹೊರದೂಡುವ ಜೈಲೀನ್ ದ್ರವ ದಾಟಿಸಿ, 58–60 ಡಿಗ್ರಿಯ ಪ್ಯಾರಾಫಿನ್ ಮೇಣ ತುಂಬಬೇಕು. ಆಷಾಢದ ಜಡಿಮಳೆಯಲ್ಲಿ ಮುಚ್ಚಳ ಸಡಿಲಾದ ಅಬ್ಸೊಲ್ಯೂಟ್ ಆಲ್ಕೋಹಾಲ್ ಗಾಳಿಯ ತೇವವನ್ನೇ ಹೀರಿಕೊಂಡು ಹೆಸರಿಗಷ್ಟೇ ಅಬ್ಸೊಲ್ಯೂಟ್ ಆಗಿರುತ್ತದೆ. ಚೂರನ್ನು ಜೈಲೀನಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾದರೆ ನೀರು ಉಳಿದಿದೆ ಎಂದೇ ಅರ್ಥ. ಹಿಂದಕ್ಕೆ ಆಲ್ಕೋಹಾಲಿಗೇ ಹಾಕಬೇಕು. ಹಾಗೇ ಮುಂದುವರಿದರೆ ಮೇಣ ಒಳಗಿಳಿಯದೆ, ಕೊಯ್ಯುವಾಗ ನಡುಭಾಗ ಉದುರಿ ಬರೀ ಅಂಚು ಉಳಿಯುತ್ತದೆ. ಜಾಡಿಯ ತಳದಲ್ಲಿ ನೀರಿಲ್ಲದ ಮೈಲುತುತ್ತದ ಬಿಳಿ ಪುಡಿ ಹಾಕಿ ಮೇಲೆ ಫಿಲ್ಟರ್ ಕಾಗದ ಮುಚ್ಚಿಟ್ಟರೆ, ತೇವ ಸೇರಿದ ದಿನ ಪುಡಿಯೇ ನೀಲಿಯಾಗಿ ಹೇಳುತ್ತದೆ.

ಆಮೇಲೆ ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ 5 ಮೈಕ್ರಾನಿನ (ಮಿ.ಮೀ.ನ ಸಾವಿರದ ಐದು ಪಾಲು) ಕೊಯ್ತ. ಹಸುವಿನ ಕೆಂಪು ರಕ್ತಕಣದ ಅಗಲ ಹೆಚ್ಚುಕಡಿಮೆ ಅಷ್ಟೇ. ಹೆಮಟಾಕ್ಸಿಲಿನ್ ಬಣ್ಣ ಹಾಕಿದ ಕೋಶಕೇಂದ್ರ ನೀಲಿಗೆ ತಿರುಗಲು ನೀರು ಕೊಂಚ ಕ್ಷಾರವಾಗಿರಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅದು ಸಲೀಸು. ಹಿಡಿದಿಟ್ಟ ಮಳೆನೀರಿನಲ್ಲಿ ತೊಳೆದರೆ ಕೆಂಪುನೇರಳೆಯಲ್ಲೇ ನಿಂತುಬಿಡುತ್ತದೆ, ಕೆಲವು ಹನಿ ಅಮೋನಿಯ ಬೆರೆಸಿಕೊಳ್ಳಬೇಕು.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಓದುವ ಮಕ್ಕಳಿಗೆ ಇವೆಲ್ಲ ಪಾಠದಲ್ಲಿ ಬರುತ್ತವೆ. ಕೊರತೆ ಇರುವುದು ಹೋಬಳಿಯ ಪಶು ಚಿಕಿತ್ಸಾಲಯದ ಕಪಾಟಿನಲ್ಲಿ. ಪಶುಪಾಲನಾ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು: ಪ್ರತಿ ಚಿಕಿತ್ಸಾಲಯದಲ್ಲೂ ಬಫರ್ಡ್ ಫಾರ್ಮಲಿನ್ ತುಂಬಿದ, ತಯಾರಿಸಿದ ದಿನಾಂಕ ಮತ್ತು ‘ವಿಷ’ ಎಂಬ ಚೀಟಿ ಹಚ್ಚಿದ ಆರು ಅಗಲಬಾಯಿ ಜಾರುಗಳು ಸದಾ ಇರಲಿ. ಜೊತೆಗೆ ಕನ್ನಡದಲ್ಲೇ ಅಚ್ಚು ಮಾಡಿದ ಒಂದು ಹಾಳೆ. ಅದರಲ್ಲಿ ರಾಸು ಸತ್ತ ಹೊತ್ತು, ಕೊಯ್ದ ಹೊತ್ತು, ಎರಡು ದಿನ ಮೊದಲು ತಿಂದ ಮೇವು, ಕೊಟ್ಟ ಔಷಧ ಬರೆಯಲು ಜಾಗವಿರಲಿ. ಈಗ ಬರುವ ಚೀಟಿಗಳಲ್ಲಿ ‘ಹಸು, ಈಲಿ’ ಎಂದಷ್ಟೇ ಇರುತ್ತದೆ.

– ಪಶು ಅಂಗಾಂಶ ಪರೀಕ್ಷೆಯಲ್ಲಿ ತೊಡಗಿರುವ ಇಬ್ಬರು, ಹಾಸನ