ಆಟ ಕಟ್ಟಿದವರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಎಫ್‌ಎ (ಫುಟ್‌ಬಾಲ್ ಅಸೋಸಿಯೇಷನ್) ಕಪ್ ಫೈನಲ್ ನಡೆದ ಮರುದಿನ ನಿಮ್ಮ ಕ್ರೀಡಾ ಪುಟದಲ್ಲಿ ಗೋಲು ಹೊಡೆದವರ ಹೆಸರು, ಕೋಚ್‌ಗಳ ಮಾತು, ಕಪ್ ಎತ್ತಿ ಹಿಡಿದ ಚಿತ್ರ ಎಲ್ಲವೂ ಇರುತ್ತವೆ. ಆ ಕಪ್ ನಡೆಸಬೇಕೆಂದು ಮೊದಲು ಸೂಚಿಸಿದ ಮನುಷ್ಯನ ಹೆಸರನ್ನು ಮಾತ್ರ ನಾನು ಅಲ್ಲಿ ಕಂಡಿಲ್ಲ. ಅವರು ಚಾರ್ಲ್ಸ್ ವಿಲಿಯಂ ಆಲ್ಕಾಕ್. ಅವರ ಬಹುಪಾಲು ಕೆಲಸ ನಡೆದದ್ದು ಪತ್ರಿಕೆಗಳ ಮೂಲಕ. ಅದಕ್ಕೇ ಈ ಪತ್ರ.

1842ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ಹುಟ್ಟಿದ ಆಲ್ಕಾಕ್ ಉಳ್ಳವರ ಮನೆಯ ಹುಡುಗ. ಓದಿದ್ದು ಹ್ಯಾರೋ ಶಾಲೆಯಲ್ಲಿ. ಅಣ್ಣ ಜಾನ್ ಜೊತೆ ಸೇರಿ 1859ರಲ್ಲಿ ಎಪ್ಪಿಂಗ್ ಕಾಡಿನ ಅಂಚಿನಲ್ಲಿ ‘ಫಾರೆಸ್ಟ್’ ಎಂಬ ಕ್ಲಬ್ ಕಟ್ಟಿದರು. ಅದೇ ಮುಂದೆ ‘ವಾಂಡರರ್ಸ್’ ಆಯಿತು. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದಾಗ ಅದರ ಮೊದಲ ಸಮಿತಿಯಲ್ಲಿ ಅಣ್ಣ ಇದ್ದರು, ಚಾರ್ಲ್ಸ್ ಸಮಿತಿಗೆ ಬಂದದ್ದು 1866ರಲ್ಲಿ. 1870ರಿಂದ 1895ರವರೆಗೆ ಕಾರ್ಯದರ್ಶಿ ಹುದ್ದೆ ಅವರದೇ.

1871ರ ಜುಲೈ 20ರಂದು ಲಂಡನ್ನಿನ ‘ದಿ ಸ್ಪೋರ್ಟ್ಸ್‌ಮನ್’ ಪತ್ರಿಕೆಯ ಕಚೇರಿಯಲ್ಲಿ ಅಸೋಸಿಯೇಷನ್ನಿನ ಸಭೆ ಸೇರಿತ್ತು. ಸದಸ್ಯ ಕ್ಲಬ್‌ಗಳೆಲ್ಲ ಒಂದೇ ಕಪ್‌ಗಾಗಿ ಸೆಣಸಲಿ ಎಂಬ ಸೂಚನೆಯನ್ನು ಆಲ್ಕಾಕ್ ಅಲ್ಲಿ ಮುಂದಿಟ್ಟರು. ಹ್ಯಾರೋದಲ್ಲಿ ಹಾಸ್ಟೆಲ್ ಹಾಸ್ಟೆಲ್‌ಗಳ ನಡುವೆ ನಡೆಯುತ್ತಿದ್ದ, ಸೋತವರು ಹೊರಗೆ ಗೆದ್ದವರು ಮುಂದಕ್ಕೆ ಎಂಬ ಪಂದ್ಯಾವಳಿಯೇ ಇದಕ್ಕೆ ಮಾದರಿ. ನಾಕೌಟ್ ಎಂದರೆ ಇಂದು ಹಳ್ಳಿಯ ಹುಡುಗರಿಗೂ ಗೊತ್ತು. ಆಗ ಅದು ಹೊಸ ವಿಚಾರ. ಮೊದಲ ವರ್ಷ ಹೆಸರು ಕೊಟ್ಟದ್ದು 15 ಕ್ಲಬ್‌ಗಳು, ಕಪ್‌ನ ಬೆಲೆ ಸುಮಾರು 20 ಪೌಂಡ್. ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ತಂಡ ಸೆಮಿಫೈನಲ್‌ನಲ್ಲಿ ವಾಂಡರರ್ಸ್ ಜೊತೆ ಗೋಲಿಲ್ಲದೆ ಡ್ರಾ ಮಾಡಿಕೊಂಡಿತು. ಮರುಪಂದ್ಯಕ್ಕೆ ಲಂಡನ್ನಿಗೆ ಮತ್ತೆ ಬರುವ ಖರ್ಚು ಭರಿಸಲಾಗದೆ ಹಿಂದೆ ಸರಿಯಿತು. 1872ರ ಮಾರ್ಚ್ 16ರಂದು ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ವಾಂಡರರ್ಸ್ ರಾಯಲ್ ಎಂಜಿನಿಯರ್ಸ್ ತಂಡವನ್ನು 1–0ರಿಂದ ಸೋಲಿಸಿತು. ಗೆದ್ದ ತಂಡದ ನಾಯಕ ಆಲ್ಕಾಕ್ ಅವರೇ.

ಅಂತರರಾಷ್ಟ್ರೀಯ ಪಂದ್ಯದ ಕಥೆಯೂ ಪತ್ರಿಕೆಯಲ್ಲೇ ಶುರುವಾಗುತ್ತದೆ. 1870ರಲ್ಲಿ ಅವರು ಸ್ಕಾಟ್ಲೆಂಡಿನ ‘ಗ್ಲಾಸ್ಗೋ ಹೆರಾಲ್ಡ್’ ಪತ್ರಿಕೆಗೆ ಬರೆದು, ಇಂಗ್ಲೆಂಡಿನ ಎದುರು ಆಡಲು ಆಟಗಾರರು ಬೇಕೆಂದು ಕರೆದರು. ಆ ದಿನಗಳ ಐದು ಪಂದ್ಯಗಳಲ್ಲಿ ಸ್ಕಾಟ್ಲೆಂಡಿನ ಪರ ಆಡಿದವರು ಹೆಚ್ಚಾಗಿ ಲಂಡನ್ನಿನಲ್ಲೇ ನೆಲೆಸಿದವರು. ಅದಕ್ಕೆ ಆಕ್ಷೇಪಣೆಯೂ ಬಂತು, ಅದು ನ್ಯಾಯವಾದದ್ದೇ. ಆಲ್ಕಾಕ್ ಪ್ರಯತ್ನ ಬಿಡಲಿಲ್ಲ. 1872ರ ನವೆಂಬರ್ 30ರಂದು ಗ್ಲಾಸ್ಗೋ ಪಕ್ಕದ ಪಾರ್ಟಿಕ್‌ನಲ್ಲಿ, ಕ್ವೀನ್ಸ್ ಪಾರ್ಕ್‌ನ ಆಟಗಾರರೇ ತುಂಬಿದ್ದ ಸ್ಕಾಟ್ಲೆಂಡ್ ತಂಡದ ಎದುರು ಇಂಗ್ಲೆಂಡ್ ಆಡಿತು. ಒಂದೂ ಗೋಲು ಬರಲಿಲ್ಲ. ಇಂದು ವಿಶ್ವಕಪ್‌ವರೆಗೆ ಬೆಳೆದು ನಿಂತಿರುವ ದೇಶ-ದೇಶಗಳ ಫುಟ್‌ಬಾಲ್‌ಗೆ ಅದೇ ಮೊದಲ ಅಧಿಕೃತ ಪಂದ್ಯ. ಅಷ್ಟು ಪಾಡುಪಟ್ಟ ಆಲ್ಕಾಕ್‌ಗೆ ಮಾತ್ರ ಗಾಯದಿಂದಾಗಿ ಅಂದು ಆಡಲಾಗಲಿಲ್ಲ. ಅಂಪೈರ್ ಆಗಿ ನಿಂತರು. ಅವರು ಇಂಗ್ಲೆಂಡಿಗೆ ಅಧಿಕೃತವಾಗಿ ಆಡಿದ್ದು ಒಂದೇ ಸಲ, 1875ರ ಮಾರ್ಚ್‌ನಲ್ಲಿ. ನಾಯಕರಾಗಿ ಇಳಿದು ಒಂದು ಗೋಲನ್ನೂ ಹೊಡೆದರು. ಅದೇ ತಿಂಗಳು ಕಪ್‌ನ ಫೈನಲ್‌ಗೆ ರೆಫರಿಯೂ ಆದರು.

ಕ್ರಿಕೆಟ್ ಪ್ರಿಯರಿಗೂ ಈ ಹೆಸರು ಗೊತ್ತಿರಬೇಕು. 1872ರಿಂದ ಕೊನೆಯುಸಿರಿನವರೆಗೆ ಅವರು ಸರ್ರೆ ಕೌಂಟಿ ಕ್ಲಬ್ಬಿನ ಕಾರ್ಯದರ್ಶಿ. ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ 1880ರಲ್ಲಿ ಓವಲ್‌ನಲ್ಲಿ ನಡೆದದ್ದು ಬಹುಮಟ್ಟಿಗೆ ಅವರ ಓಡಾಟದಿಂದಲೇ.

ಆದರೆ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಗಿರುವುದು ಇನ್ನೊಂದು ಕಾರಣಕ್ಕೆ. 1883ರ ಫೈನಲ್‌ನಲ್ಲಿ ನೇಕಾರರು, ಗಿರಣಿ ಕೆಲಸಗಾರರು ಇದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಸಿರಿವಂತರ ಓಲ್ಡ್ ಎಟೋನಿಯನ್ಸ್ ತಂಡವನ್ನು ಮಣಿಸಿತು. ಹಣ ಪಡೆದು ಆಡುವುದಕ್ಕೆ ಆಗ ನಿಷೇಧವಿದ್ದರೂ ಉತ್ತರದ ಗಿರಣಿ ಊರುಗಳಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಸಲ್ಲುತ್ತಿತ್ತು. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ಮೇಲೆ ದೂರು ಬಂದಾಗ ಅದನ್ನು ನಡೆಸುತ್ತಿದ್ದ ವಿಲಿಯಂ ಸುಡೆಲ್ ಹಣ ಕೊಟ್ಟದ್ದನ್ನು ಮುಚ್ಚಿಡದೆ ಒಪ್ಪಿಕೊಂಡರು. ತಂಡ ಕಪ್‌ನಿಂದ ಹೊರಬಿತ್ತು, ಉತ್ತರದ ಕ್ಲಬ್‌ಗಳು ಬೇರೆ ಸಂಘ ಕಟ್ಟುವುದಾಗಿ ಎಚ್ಚರಿಸಿದವು. ಕಾಸು ಮುಟ್ಟದೆ ಆಡಿದ ಆಲ್ಕಾಕ್ ಆಗ ತಮ್ಮ ವರ್ಗದ ಬಹಳ ಜನರ ಅಭಿಪ್ರಾಯಕ್ಕೆ ಎದುರಾಗಿ, ಹಣ ಪಡೆದು ಆಡುವುದು ತಪ್ಪಲ್ಲ, ಅದನ್ನು ಒಪ್ಪಿ ನಿಯಮಕ್ಕೆ ಒಳಪಡಿಸೋಣ ಎಂದು ವಾದಿಸಿದರು. ಸರ್ರೆಯಲ್ಲಿ ವೃತ್ತಿಪರರೂ ಹವ್ಯಾಸಿಗಳೂ ಒಂದೇ ತಂಡದಲ್ಲಿ ಆಡುವುದನ್ನು ಅವರು ದಿನವೂ ಕಂಡಿದ್ದರು. 1885ರ ಜುಲೈ 20ರಂದು, ಕಪ್‌ನ ಸೂಚನೆಗೆ ಸರಿಯಾಗಿ 14 ವರ್ಷ ತುಂಬಿದ ದಿನ, ವೃತ್ತಿಪರ ಆಟಕ್ಕೆ ಮಾನ್ಯತೆ ಸಿಕ್ಕಿತು. ವೃತ್ತಿಪರರು ಸಮಿತಿಗಳಲ್ಲಿ ಕೂರುವಂತಿಲ್ಲ ಎಂಬ ಷರತ್ತೂ ಜೊತೆಗಿತ್ತು. ಆಡಲು ಬೇಕು, ಆಡಳಿತಕ್ಕೆ ಬೇಡ ಎಂಬ ಆ ಭೇದವನ್ನು ನಾನು ಒಪ್ಪುವುದಿಲ್ಲ. ಆದರೂ ಅಂದು ಅಸೋಸಿಯೇಷನ್ ಒಡೆದಿದ್ದರೆ ದುಡಿಯುವವರ ಫುಟ್‌ಬಾಲ್ ಒಂದು ಕಡೆ, ಉಳ್ಳವರದು ಇನ್ನೊಂದು ಕಡೆ ಆಗುತ್ತಿತ್ತು.

ಇದೆಲ್ಲದರ ನಡುವೆ ಅವರು ಬರೆಯುತ್ತಲೇ ಇದ್ದರು. 1860ರ ದಶಕದ ಕೊನೆಯಲ್ಲಿ ಶುರುವಾದ ‘ಫುಟ್‌ಬಾಲ್ ಆನ್ಯುಯಲ್’ ಎಂಬ ವಾರ್ಷಿಕ ಪುಸ್ತಕದಲ್ಲಿ ಯಾವ ಕ್ಲಬ್, ಯಾವ ಮೈದಾನ, ಅಂಗಿಯ ಬಣ್ಣ ಯಾವುದು ಎಂಬುದನ್ನೆಲ್ಲ ಅಚ್ಚು ಹಾಕಿಸಿದರು. 1882ರಿಂದ ಒಂದು ಕ್ರಿಕೆಟ್ ವಾರಪತ್ರಿಕೆಯನ್ನೂ ನಡೆಸಿದರು. 1907ರ ಫೆಬ್ರುವರಿ 26ರಂದು ಬ್ರೈಟನ್‌ನಲ್ಲಿ ತೀರಿಕೊಂಡರು. ಅವರು ಬರೆದಿಡದಿದ್ದರೆ ಆ ಕಾಲದ ಎಷ್ಟೋ ಸಣ್ಣ ಕ್ಲಬ್‌ಗಳು ಇದ್ದವೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮ ಜಿಲ್ಲೆಗಳಲ್ಲೂ ಮೈದಾನಕ್ಕೆ ಸುಣ್ಣದ ಗೆರೆ ಎಳೆಸಿ, ಅನುಮತಿಗಾಗಿ ಕಚೇರಿ ಅಲೆದು, ಬಸ್ ಚಾರ್ಜ್ ಕೊಟ್ಟು ಹುಡುಗರನ್ನು ಕರೆತರುವವರಿದ್ದಾರೆ. ಟೂರ್ನಿಯ ವರದಿಯಲ್ಲಿ ಬಹುಮಾನ ವಿತರಿಸಿದ ಅತಿಥಿಗಳ ಹೆಸರು ಸಾಲಾಗಿ ಬರುತ್ತದೆ, ಇವರದು ಬರುವುದಿಲ್ಲ. ಎಫ್‌ಎ ಕಪ್‌ನ ಮುಂದಿನ ಫೈನಲ್ ಹೊತ್ತಿಗೆ ಆಲ್ಕಾಕ್ ಬಗ್ಗೆ ಒಂದು ಲೇಖನ ಪ್ರಕಟಿಸಿ. ಅದರ ಜೊತೆಗೆ, ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಊರಿನ ಕ್ಲಬ್‌ಗಳು, ಅವುಗಳ ಮೈದಾನ, ಅವನ್ನು ನಡೆಸುವವರ ವಿವರಕ್ಕೆ ಒಂದು ಕಾಲಂ ತೆರೆಯಬೇಕೆಂದು ಕೋರುತ್ತೇನೆ. ಮಾಹಿತಿ ಕಳಿಸಲು ನಮ್ಮಂಥ ಓದುಗರು ಸಿದ್ಧರಿದ್ದೇವೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಶಿವಮೊಗ್ಗ