ಗ್ರಹಣ ಬಿಟ್ಟ ಮೇಲೂ ನಿಂತ ಒನಕೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿರೋನು ಸರ್, ಪತ್ರ ಗಿತ್ರ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ನೀವೇ ತಿದ್ಕೊಂಡು ಹಾಕಿ.

2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿ ಚಂದ್ರಗ್ರಹಣ ಆಯ್ತಲ್ಲ, ಅದರ ಹಿಂದಿನ ದಿನ ಎಂಟನೇ ಕ್ಲಾಸಲ್ಲಿರೋ ನನ್ನ ಮಗಳಿಗೆ ಅವರ ವಿಜ್ಞಾನದ ಮೇಷ್ಟ್ರು ಸಂಜೆ ಮೇಲೆ ಏನೂ ತಿನ್ನಬೇಡಿ, ಆಚೆ ಬರಬೇಡಿ, ಬೇಕಾದ್ರೆ ಮನೇಲಿ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿ ನೋಡಿ, ಸೂರ್ಯ ಭೂಮಿ ಚಂದ್ರ ಮೂರೂ ಒಂದೇ ಗೆರೆಗೆ ಬರೋದ್ರಿಂದ ಗುರುತ್ವಾಕರ್ಷಣೆ ನೆಟ್ಟಗೆ ಎಳೆಯುತ್ತೆ, ಅದಕ್ಕೇ ಒನಕೆ ನಿಲ್ಲುತ್ತೆ, ಬೇರೆ ದಿನ ನಿಲ್ಲಲ್ಲ ಅಂದಿದ್ದಾರೆ. ಊಟ ಬೇಡ ಅನ್ನೋದು ನಮ್ಮಜ್ಜಿನೂ ಹೇಳ್ತಿದ್ರು, ಅದಕ್ಕೆ ನನಗೇನೂ ಅನ್ನಿಸಲಿಲ್ಲ. ಆದ್ರೆ ಗುರುತ್ವಾಕರ್ಷಣೆ ಅನ್ನೋ ಪದ ತಂದು ಒನಕೆಗೆ ಕಟ್ಟಿದ್ರಲ್ಲ, ಅಲ್ಲಿ ನನಗೆ ತಡೆಯೋಕಾಗಲಿಲ್ಲ.

ನಾವಂತೂ ಅವತ್ತು ಮಾಳಿಗೆ ಮೇಲೆ ಚಾಪೆ ಹಾಸ್ಕೊಂಡು ಚುರುಮುರಿ ತಿಂತಾ ನೋಡಿದ್ವಿ. 9.57ಕ್ಕೆ ನೆರಳು ಹಿಡಿಯೋಕೆ ಶುರುವಾಯ್ತು, 11 ಗಂಟೆಯಿಂದ 12.22ರವರೆಗೆ ಚಂದ್ರ ಪೂರ್ತಿ ತಾಮ್ರದ ಬಿಂದಿಗೆ ಬಣ್ಣ, ಮೋಡ ಅಡ್ಡ ಬರ್ತಿತ್ತು ಆದ್ರೂ ಸಿಕ್ಕಿದಷ್ಟು ನೋಡಿದ್ವಿ. ಸೋಮವಾರ ಮಗಳು ಹೋಗಿ ನಮ್ಮಪ್ಪ ಒನಕೆ ಯಾವತ್ತು ಬೇಕಾದ್ರೂ ನಿಲ್ಲುತ್ತೆ ಅಂದ್ರು ಸರ್ ಅಂದಳಂತೆ. ಹಂಗಾದ್ರೆ ನಿಮ್ಮಪ್ಪನೇ ಬಂದು ಪಾಠ ಮಾಡಲಿ ಅಂದ್ರಂತೆ ಮೇಷ್ಟ್ರು, ಕ್ಲಾಸೆಲ್ಲ ನಕ್ಕಿದೆ.

ಇಲ್ಲಿಂದ ಮುಂದೆ ತಪ್ಪು ನಂದು. ನಾನು ಅದೇ ಸಿಟ್ಟಲ್ಲಿ ಮನೆ ಒನಕೆ ನಿಲ್ಲಿಸಿ ವಿಡಿಯೋ ಮಾಡಿ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕ್ದೆ, ಕೆಳಗೆ ಉದ್ದಕ್ಕೆ ಬೇರೆ ಬರೆದೆ, ಹುಣ್ಣಿಮೆ ಅಮಾವಾಸ್ಯೆ ಬಂದಾಗೆಲ್ಲ ಮೂರೂ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರುತ್ವೆ, ಆಗಲೂ ಚಂದ್ರನಿಂದ ಒನಕೆ ತೂಕದಲ್ಲಿ ಆಗೋ ವ್ಯತ್ಯಾಸ ಕೋಟಿಗೆ ಒಂದು ಪಾಲು ಲೆಕ್ಕ, ಕೆಳಗಿರೋ ಕಬ್ಬಿಣದ ಬಳೆ ಸಪಾಟಾಗಿದೆ ಅದಕ್ಕೆ ನಿಲ್ಲುತ್ತೆ ಅಷ್ಟೇ ಅಂತ. ಬರೆದಿದ್ದೆಲ್ಲ ಸರೀನೇ ಇತ್ತು, ಕೊನೇಲಿ "ಇಂಥೋರು ವಿಜ್ಞಾನ ಹೇಳ್ಕೊಟ್ರೆ ಮಕ್ಕಳ ಗತಿ ಏನು" ಅಂದಿದ್ದು ಬೇಕಿರಲಿಲ್ಲ. ಗ್ರೂಪಲ್ಲಿ ಎರಡು ಪಾರ್ಟಿ ಆಯ್ತು, ಒಬ್ರು ನಾನು ಧರ್ಮದ ಬಗ್ಗೆ ಮಾತಾಡ್ತಿದೀನಿ ಅಂದ್ರು, ಇನ್ನೊಬ್ರು ತಾಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ ದೂರು ಕೊಡಿ ಸಸ್ಪೆಂಡ್ ಮಾಡಿಸೋಣ ಅಂದ್ರು. ಯಾರೂ ಸ್ವಂತ ಒನಕೆ ನಿಲ್ಲಿಸಿ ನೋಡಲಿಲ್ಲ. ಅದರ ಫಲ ಉಂಡಿದ್ದು ನನ್ನ ಮಗಳು, ಹದಿನೈದು ದಿನ ಆ ಪೀರಿಯಡ್ಡಲ್ಲಿ ಅವಳು ಕೈ ಎತ್ತಿದ್ರೂ ಮೇಷ್ಟ್ರು ಪಕ್ಕದ ಬೆಂಚಿನವರನ್ನ ಕೇಳೋರಂತೆ.

ಇದರ ಮಧ್ಯೆ ಟೆಸ್ಟಲ್ಲಿ ಬೇಸಿಗೆ ಯಾಕೆ ಬರುತ್ತೆ ಅಂತ ಪ್ರಶ್ನೆ. ಮಗಳು ಭೂಮಿಯ ಅಕ್ಷ 23.5 ಡಿಗ್ರಿ ಓರೆ ಇರೋದ್ರಿಂದ ಅಂತ ಬರೆದ್ರೆ ಎರಡಕ್ಕೆ ಸೊನ್ನೆ, "ಸೂರ್ಯನಿಗೆ ಹತ್ತಿರ ಬಂದಾಗ" ಅಂತ ಕೆಂಪು ಇಂಕಲ್ಲಿ ತಿದ್ದಿದ್ದಾರೆ. ನಿಜ ಹೇಳಬೇಕಂದ್ರೆ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್, ನಾವಿಲ್ಲಿ ಸ್ವೆಟರ್ ಹಾಕ್ಕೊಂಡು ಅವರೆಕಾಯಿ ಸುಲಿಯೋ ಟೈಮು ಅದು. ತೀರಾ ದೂರ ಹೋಗೋದು ಜುಲೈ ಮೊದಲ ವಾರ, 15.2 ಕೋಟಿ.

ಸಿಟ್ಟು ಮತ್ತೆ ಬಂತು, ಆದ್ರೆ ಈ ಸಲ ನನಗೆ ನನ್ನದೇ ಕಥೆ ಜ್ಞಾಪಕ ಆಯ್ತು. ಕೆಲಸಕ್ಕೆ ಸೇರಿ ಆರು ವರ್ಷ ಆಗೋವರೆಗೂ ನಾನು ಬಲ್ಬು ಮೋಟರು ಎಲ್ಲ ಕರೆಂಟನ್ನ ತಿಂದು ಉಳಿದಿದ್ದನ್ನ ನ್ಯೂಟ್ರಲಲ್ಲಿ ವಾಪಸ್ ಕಳ್ಸುತ್ವೆ ಅಂತಾನೇ ನಂಬಿದ್ದೆ, ಇಬ್ಬರು ಹುಡುಗರಿಗೆ ಹಂಗೇ ಹೇಳ್ಕೊಟ್ಟೂ ಇದ್ದೆ. ಒಂದಿನ ಪಂಪ್ ಸರ್ವೀಸಿನ ಅಣ್ಣ ಒಬ್ಬರು ಬಂದಿದ್ದಾಗ ಇದೇ ಮಾತು ಬಂತು. ಅವರು ನಗಲಿಲ್ಲ, ವಾದಾನೂ ಮಾಡಲಿಲ್ಲ, ವೈರಿಗೆ ಹಿಡಿದು ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್ ನನ್ನ ಕೈಗೆ ಕೊಟ್ಟು ಫೇಸ್ ವೈರಿಗೆ ಹಾಕು ಅಂದ್ರು, ಆಮೇಲೆ ನ್ಯೂಟ್ರಲಿಗೆ ಹಾಕು ಅಂದ್ರು. ಎರಡರಲ್ಲೂ 4.2 ಆಂಪಿಯರ್, ಹೋದಷ್ಟೇ ವಾಪಸ್. ಟೆಸ್ಟರ್ ಕೆಟ್ಟಿದೆ ಅಂದ್ಕೊಂಡು ಮೂರು ಸಲ ಹಾಕಿ ನೋಡಿದೀನಿ. ಹುಡುಗರ ಮುಂದೆ ಅವರು ನನ್ನ ಬೈದಿದ್ರೆ ನಾನು ಇವತ್ತಿಗೂ ಟೆಸ್ಟರೇ ಸರಿಯಿಲ್ಲ ಅಂತ ಸಾಧಿಸ್ತಿದ್ದೆ.

ಹಂಗಾಗಿ ನವೆಂಬರಲ್ಲಿ ಒಂದು ಶನಿವಾರ ಸ್ಕೂಲ್ ಬಿಟ್ಟ ಮೇಲೆ ಒನಕೆ ಬೈಕಿಗೆ ಕಟ್ಕೊಂಡು ಹೋದೆ, ರೋಡಲ್ಲಿ ಕಂಡೋರೆಲ್ಲ ಏನ್ ಬಾಸ್ ಜಗಳಕ್ಕಾ ಅಂದ್ರು. ಮೇಷ್ಟ್ರು ಸ್ಟಾಫ್ ರೂಮಲ್ಲಿ ಒಬ್ಬರೇ ಕೂತು ಮಕ್ಕಳ ಮಾಹಿತಿ ತುಂಬೋ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ ಮಾಡ್ತಿದ್ರು. ಮೊದಲು ಗ್ರೂಪಲ್ಲಿ ಹಂಗೆ ಬರೆದಿದ್ದಕ್ಕೆ ಕ್ಷಮೆ ಕೇಳ್ದೆ, ಆಮೇಲೆ ಸರ್ ನೀವೇ ಒಂದ್ಸಲ ನಿಲ್ಲಿಸಿ ನೋಡಿ, ಬಾಗಿಲು ಹಾಕಿರಲಿ ಅಂದೆ. ಎರಡು ಸಲ ವಾಲಿತು, ಮೂರನೇ ಸಲ ಮೆಲ್ಲಗೆ ಬೆರಳು ಬಿಟ್ರು, ನಿಂತ್ಕೊಂಡ್ತು. ತಟ್ಟೆ ಇಲ್ಲ, ನೀರಿಲ್ಲ, ಅರಿಶಿನ ಕುಂಕುಮ ಇಲ್ಲ, ಸಿಮೆಂಟ್ ನೆಲ. ಮೇಷ್ಟ್ರು ಎದ್ದು ಗೋಡೆ ಕ್ಯಾಲೆಂಡರ್ ಹತ್ರ ಹೋಗಿ ಇವತ್ತೇನು ತಿಥಿ ಅಂತ ನೋಡಿದ್ರು. ಬಿದಿಗೆಯೋ ತದಿಗೆಯೋ ಇತ್ತು. ನನಗೆ ನಗು ಬಂತು, ತಡ್ಕೊಂಡೆ, ಮೂರು ಸಲ ಟೆಸ್ಟರ್ ಹಾಕಿದೋನು ನಾನು.

ಆಮೇಲೆ ಮಾತಾಡಿದ್ರು. ಅವರ ಮೇಷ್ಟ್ರು ಅವರಿಗೆ ಹೇಳಿದ್ದು ಅದೇ, ಟಿವೀಲಿ ತೋರಿಸಿದ್ದೂ ಅದೇ, ಬಿಎಡ್‌ನಲ್ಲಿ ಪಾಠ ಯೋಜನೆ ಬರೆಯೋದು ಕಲಿಸಿದ್ರು, ಒನಕೆ ನಿಲ್ಲಿಸಿ ನೋಡು ಅಂತ ಯಾರೂ ಹೇಳಲಿಲ್ಲ. ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷೆ ಅಂತ ಮನೆ ಮನೆ ಸುತ್ತಿದ್ದು, ಬಿಸಿಯೂಟದ ಮೊಟ್ಟೆ ಲೆಕ್ಕ, ಇದರ ಮಧ್ಯೆ ಓದೋದು ಯಾವಾಗ ಅಂದ್ರು. ಅದು ಪೂರ್ತಿ ನೆಪ ಅಂತ ನನಗೆ ಅನ್ನಿಸಲಿಲ್ಲ, ಪೂರ್ತಿ ನಿಜ ಅಂತಲೂ ಅನ್ನಿಸಲಿಲ್ಲ, ಯಾಕಂದ್ರೆ ಭೂಮಿಯ ಓರೆ ಅವರದೇ ಟೆಕ್ಸ್ಟ್ ಬುಕ್ಕಲ್ಲಿದೆ. ಆ ಪುಟ ತೆಗೆದು ತೋರಿಸಿದ್ರೆ, ಒಲೆ ಹತ್ತಿರ ಕೂತ್ರೆ ಬಿಸಿ ಆಗಲ್ವೇನ್ರೀ ಅಂದ್ರು. ಅದರ ಮೇಲೆ ನಾನೂ ಎಳೀಲಿಲ್ಲ.

ಇದೆಲ್ಲ ಸಣ್ಣ ವಿಷಯ ಅನ್ನೋರು 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪು ಮಾಡ್ಕೊಳ್ಳಿ, ಕಲಬುರಗಿ ಹತ್ರ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ವಾಸಿ ಆಗುತ್ತೆ ಅಂತ ಕುತ್ತಿಗೆವರೆಗೂ ಮಣ್ಣಲ್ಲಿ ಹೂತಿದ್ರು. ಹೆತ್ತವರಿಗೆ ಗೊತ್ತಿಲ್ಲದೆ ಇರಬಹುದು, ಮೇಷ್ಟ್ರಿಗೆ ಗೊತ್ತಿರಬೇಕಲ್ವಾ ಸರ್. ವೈಜ್ಞಾನಿಕ ಮನೋಭಾವ ಪ್ರಜೆಗಳ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದಾರೆ. ಅದೇ ವರ್ಷ ಬೆಂಗಳೂರು ವಿವಿ ಕುಲಪತಿ ಆಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನ ಪರೀಕ್ಷೆ ಮಾಡೋಕೆ ಅಂತಾನೇ ಸಮಿತಿ ಮಾಡಿದ್ರು. ಅಂಥ ರಾಜ್ಯದಲ್ಲಿ ಶಿಕ್ಷಣ ಇಲಾಖೆ ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ಸೇರೋ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದೋ ಬದಲು ಒಂದು ಗಂಟೆ ಇಂಥ ಒಂದೊಂದು ನಂಬಿಕೆ ಎತ್ಕೊಂಡು ಮೇಷ್ಟ್ರುಗಳ ಕೈಯಿಂದಲೇ ಮಾಡಿಸಿ ನೋಡಬಾರದಾ? ನೋಟಿಸ್ ಕೊಟ್ರೆ ಯಾರೂ ಬದಲಾಗಲ್ಲ, ಬಾಯಿ ಮುಚ್ಕೋತಾರೆ ಅಷ್ಟೇ. ಹಾಂ, ಒಂದು ಮಾತು, ಬೇಜಾರು ಮಾಡ್ಕೋಬೇಡಿ, ಗ್ರಹಣದ ದಿನ ನಿಮ್ಮ ಪತ್ರಿಕೇಲೂ ಯಾವ ರಾಶಿಗೆ ಕೇಡು ಅಂತ ಕಾಲಂ ಬಂದಿತ್ತು, ಸ್ಟಾಫ್ ರೂಮಿಗೆ ಬರೋದು ನಿಮ್ಮ ಪೇಪರೇ.

ಒನಕೆ ಅಲ್ಲೇ ಬಿಟ್ಟು ಬಂದಿದೀನಿ. ಭೂಮಿ ಓರೆ ಇರೋದು ಗೊತ್ತಾಗೋಕೆ ಅದರ ನೆರಳು ಅಳೆದು ನೋಡೋಣ ಸರ್ ಅಂತ ಮಗಳು ಕೇಳಿದ್ಲಂತೆ, ಮೇಷ್ಟ್ರು ಒಪ್ಪಿದ್ದಾರೆ. ಡಿಸೆಂಬರ್ 21ರ ಸುಮಾರಿಗೆ ಮಟಮಟ ಮಧ್ಯಾಹ್ನ ನಾಲ್ಕಡಿ ಒನಕೆಗೆ ಹತ್ತಿರ ಹತ್ತಿರ ಮೂರಡಿ ನೆರಳು ಬಿತ್ತಂತೆ, ಅಂಗಳದಲ್ಲಿ ಸುಣ್ಣದ ಗೆರೆ ಹಾಕಿದ್ದಾರೆ. ಜನವರೀಲಿ ಸೂರ್ಯ ಅಷ್ಟು ಹತ್ತಿರ ಇದ್ರೂ ನೆರಳು ಯಾಕಿಷ್ಟು ಉದ್ದ ಅಂತ ಈಗ ಅವರೇ ಮಕ್ಕಳನ್ನ ಕೇಳ್ತಿದ್ದಾರಂತೆ, ಉತ್ತರ ಇನ್ನೂ ಹೇಳಿಲ್ಲ. ನಮ್ಮ ಕಡೆ ಏಪ್ರಿಲ್ 25ರ ಹತ್ತಿರ ನಡುಮಧ್ಯಾಹ್ನ ನೆರಳು ಕಾಲಡಿ ಸೇರ್ಕೊಂಡು ಮಾಯ ಆಗುತ್ತೆ, ಅಷ್ಟೊತ್ತಿಗೆ ಬೇಸಿಗೆ ರಜ ಬಂದಿರುತ್ತಲ್ಲ ಸರ್ ಅಂದೆ. ಗೇಟಿನ ಕೀ ನನ್ನ ಹತ್ರಾನೇ ಇರುತ್ತೆ ಬನ್ನಿ ಅಂದ್ರು. ಮನೇಲಿ ನಮ್ಮಮ್ಮ ಮಾತ್ರ ಒನಕೆ ಎಲ್ಲೋ ಅಂತ ದಿನಾ ಕೇಳ್ತಿದ್ದಾರೆ.

ಇಂತಿ,
ಒಬ್ಬ ಪೋಷಕ, ತುಮಕೂರು ಜಿಲ್ಲೆ