ಹೆದ್ದಾರಿ ಬದಿಯ ಕಲ್ಲುಗಳಿಗೂ ಫಲಕ ಬೇಕು

ಮಾನ್ಯರೇ,

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ ಟೋಲ್ ದರ, ವೇಗಮಿತಿ, ಹೋಟೆಲುಗಳ ಫಲಕಗಳು ಸಾಲುಗಟ್ಟಿ ನಿಂತಿವೆ. ಆದರೆ ಕಣ್ಣೆದುರು ಹಾದುಹೋಗುವ ಬೆಟ್ಟಗಳು ಯಾವ ಕಲ್ಲಿನವು, ಹೇಗೆ ಉಂಟಾದವು ಎಂದು ತಿಳಿಸುವ ಒಂದೇ ಒಂದು ಫಲಕವೂ ಈ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ದಾಬಸ್‌ಪೇಟೆಯ ಬಳಿ ಎಡಕ್ಕೆ ಕಾಣುವ ಶಿವಗಂಗೆಯು ಕ್ಲೋಸ್‌ಪೇಟೆ ಗ್ರಾನೈಟ್‌ನ ಬೆಟ್ಟ. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಶಿಲೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿನ ಹೊದಿಕೆ ಮಳೆ ಬಿಸಿಲಿಗೆ ಸವೆದು ಹೋದ ಮೇಲಷ್ಟೇ ಹೊರಗೆ ಕಾಣಿಸಿಕೊಂಡಿತು. ಹಿರಿಯೂರು ದಾಟಿದರೆ ನೋಟವೇ ಬೇರೆ. ಗಾಳಿಯಂತ್ರಗಳನ್ನು ಹೊತ್ತ ಉದ್ದನೆಯ ಸಾಲುಬೆಟ್ಟಗಳು ಚಿತ್ರದುರ್ಗ ಶಿಲಾಪಟ್ಟಿಗೆ, ಅಂದರೆ ನೆಲದಲ್ಲಿ ಉದ್ದಕ್ಕೂ ಹಬ್ಬಿದ ಕಲ್ಲಿನ ಪಟ್ಟೆಗೆ, ಸೇರಿದವು.

ಈ ಪಟ್ಟಿಯಲ್ಲೇ, ಚಿತ್ರದುರ್ಗಕ್ಕೆ ಸುಮಾರು 16 ಕಿ.ಮೀ. ಆಗ್ನೇಯಕ್ಕೆ, ಮರಡಿಹಳ್ಳಿ ಇದೆ. ಲಾವಾರಸವು ಸಮುದ್ರದ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಥಟ್ಟನೆ ತಣಿದು ಸಿಪ್ಪೆಗಟ್ಟುತ್ತದೆ, ಒಳಗಿನ ಬಿಸಿರಸ ಆ ಸಿಪ್ಪೆಯನ್ನು ಉಬ್ಬಿಸುತ್ತದೆ. ಹಾಗೆ ಒಂದರ ಮೇಲೊಂದು ಬಿದ್ದ ಕಲ್ಲಿನ ದಿಂಬುಗಳು ಅಲ್ಲಿ ಇಂದಿಗೂ ಹಾಗೆಯೇ ಇವೆ. ಅವುಗಳ ಬೆನ್ನು ಉಬ್ಬಿದೆ, ಕೆಳಗಿನ ದಿಂಬುಗಳ ಸಂದಿಗೆ ಇಳಿದ ಬಾಲ ಚೂಪಾಗಿದೆ. ಆ ಕಾಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಭೂವಿಜ್ಞಾನಿಗಳು ಈ ಗುರುತಿನಿಂದಲೇ ಓದುತ್ತಾರೆ. ಬಯಲುಸೀಮೆಯ ಒಣ ನೆಲದಲ್ಲಿ ನಿಂತು ಒಂದು ದಿಂಬಿನ ಮೇಲೆ ಅಂಗೈ ಊರಿದ ನನ್ನ ವಿದ್ಯಾರ್ಥಿಯೊಬ್ಬ, ‘ಇಲ್ಲಿ ಸಮುದ್ರ ಇತ್ತಾ ಸಾರ್?’ ಎಂದು ಎರಡು ಸಲ ಕೇಳಿದ್ದು ನನಗೆ ಮರೆತಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಮರಡಿಹಳ್ಳಿಯನ್ನು ಲಾಲ್‌ಬಾಗ್ ಬಂಡೆಯಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಲಾಲ್‌ಬಾಗ್ ಬಂಡೆಯನ್ನು ದಿನವೂ ಜನ ಹತ್ತಿ ನೋಡುತ್ತಾರೆ. ಮರಡಿಹಳ್ಳಿಯ ಹೆಸರನ್ನು ಕೋಟೆ ನೋಡಲು ಕಾರಿನಲ್ಲಿ ಬರುವವರಲ್ಲಿ ಹೆಚ್ಚಿನವರು ಕೇಳಿಯೂ ಇಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಆದ್ದರಿಂದ ಹೆದ್ದಾರಿ ಪ್ರಾಧಿಕಾರ ಮತ್ತು ಪ್ರವಾಸೋದ್ಯಮ ಇಲಾಖೆಗಳು ದಾಬಸ್‌ಪೇಟೆಯಲ್ಲಿ, ಹಿರಿಯೂರಿನ ಆಚೆ ಹಾಗೂ ಮರಡಿಹಳ್ಳಿಗೆ ತಿರುಗುವಲ್ಲಿ, ವಾಹನ ಸುರಕ್ಷಿತವಾಗಿ ನಿಲ್ಲಿಸಲು ಜಾಗ ಮಾಡಿ, ಸರಳ ಕನ್ನಡದಲ್ಲಿ ಚಿತ್ರಸಹಿತ ಫಲಕಗಳನ್ನು ಹಾಕಿಸಬೇಕೆಂದು ಕೋರುತ್ತೇನೆ. ದಿಂಬುಗಳ ಚೂರನ್ನು ನೆನಪಿಗೆಂದು ಯಾರೂ ಒಡೆದು ಒಯ್ಯಬಾರದು ಎಂಬ ಮಾತನ್ನೂ ಮರಡಿಹಳ್ಳಿಯ ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು.

– ನಿವೃತ್ತ ಭೂಗೋಳ ಶಿಕ್ಷಕ, ಶಿರಾ